ನೆರೆಮನೆಯವನೇ ಕೊಂದಾಗ ಅಪರಾಧಶಾಸ್ತ್ರ ಏನು ಹೇಳುತ್ತದೆ?

ಪ್ರಶ್ನೆ: ನಾನು ಕಾನೂನು ಓದುತ್ತಿರುವ ವಿದ್ಯಾರ್ಥಿನಿ. ನಮ್ಮ ಅಪರಾಧಶಾಸ್ತ್ರದ ಪಾಠದಲ್ಲಿ ಕಳ್ಳತನ, ಕೊಲೆ, ಬಾಲಾಪರಾಧ ಎಲ್ಲ ಬರುತ್ತದೆ. ನರಮೇಧ, ಯುದ್ಧಾಪರಾಧ ಮಾತ್ರ ಬರುವುದೇ ಇಲ್ಲ. ಅದು ಇತಿಹಾಸದವರ, ರಾಜಕೀಯದವರ ವಿಷಯ ಅಂತಾರೆ. ರುವಾಂಡಾದಲ್ಲಿ ಅಕ್ಕಪಕ್ಕದ ಮನೆಯವರೇ ಕೊಂದರು ಎಂದು ಓದಿದ್ದೇನೆ. ಅವರೆಲ್ಲ ಅಷ್ಟು ಕ್ರೂರಿಗಳಾಗಿದ್ದರೇ? ಅಪರಾಧಶಾಸ್ತ್ರ ಇದನ್ನು ಬಿಡಿಸಿ ಹೇಳಬಲ್ಲದೇ? ಆಮೇಲೆ, ನಮ್ಮ ದೇಶದಲ್ಲಿ ನರಮೇಧಕ್ಕೆ ಅಂತ ಒಂದು ಕಾನೂನು ಇದೆಯೇ?

ಉತ್ತರ: ನಿಮ್ಮ ಪಠ್ಯಕ್ರಮದಲ್ಲಿ ಇಲ್ಲದಿರುವುದು ಆಶ್ಚರ್ಯವಲ್ಲ. ಈ ಶಾಸ್ತ್ರವೇ ತುಂಬಾ ವರ್ಷ ಆ ಕಡೆ ಮುಖ ಹಾಕಲಿಲ್ಲ. ಅಮೆರಿಕದ ಶೆಲ್ಡನ್ ಗ್ಲೂಕ್ ಅವರ ಹೆಸರು ನೀವು ಕೇಳಿರಬಹುದು. ಬಾಲಾಪರಾಧದ ಅಧ್ಯಯನದಲ್ಲಿ ಅವರದು ದೊಡ್ಡ ಹೆಸರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರು ಯುದ್ಧಾಪರಾಧಿಗಳ ವಿಚಾರಣೆ ಹೇಗೆ ನಡೆಯಬೇಕು ಎಂದು ಬರೆದರು. ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ತಯಾರಿಗೂ ನೆರವಾದರು. ಆದರೆ ಆ ವಿಚಾರಗಳು ಅವರ ಅಪರಾಧಶಾಸ್ತ್ರದ ಕೆಲಸದೊಳಗೆ ಬರಲೇ ಇಲ್ಲ. ಒಬ್ಬನೇ ಮನುಷ್ಯ, ಎರಡು ಬೇರೆ ಬೇರೆ ಮೇಜು. ಲಕ್ಷಾಂತರ ಜನರ ಕೊಲೆ ಒಂದು ಮೇಜಿನ ಮೇಲೆ, ಬಾಸ್ಟನ್‌ನ ಹುಡುಗರ ಪುಂಡಾಟ ಇನ್ನೊಂದರ ಮೇಲೆ. ಇದನ್ನು ಎತ್ತಿ ತೋರಿಸಿದವರಲ್ಲಿ ಜಾನ್ ಹೇಗನ್ ಎಂಬ ಅಪರಾಧಶಾಸ್ತ್ರಜ್ಞರು ಮುಖ್ಯರು. ಸುಡಾನಿನ ಡಾರ್ಫುರ್‌ನಿಂದ ಚಾಡ್ ದೇಶಕ್ಕೆ ಓಡಿಬಂದ 1,136 ನಿರಾಶ್ರಿತರನ್ನು 2004ರಲ್ಲಿ ಅಮೆರಿಕ ಸರ್ಕಾರ ಮಾತಾಡಿಸಿ ದಾಖಲೆ ಮಾಡಿತ್ತು. ಹೇಗನ್ ಮತ್ತು ವೆನೋನಾ ರಿಮಂಡ್-ರಿಚ್ಮಂಡ್ ಆ ದಾಖಲೆಗಳನ್ನು ಮಾಮೂಲಿ ಅಪರಾಧ ಸಮೀಕ್ಷೆಯನ್ನು ನೋಡುವ ಹಾಗೆಯೇ ನೋಡಿದರು. ಯಾರ ಮೇಲೆ, ಎಲ್ಲಿ, ಯಾವಾಗ ದಾಳಿ ಆಯಿತು, ದಾಳಿ ಮಾಡಿದವರು ಏನು ಕೂಗುತ್ತಿದ್ದರು ಎಂದೆಲ್ಲ ಎಣಿಸಿದರು. 2009ರಲ್ಲಿ ಹೇಗನ್ ಅವರಿಗೆ ಮತ್ತು ಅರ್ಜೆಂಟೀನಾದ ರಾವುಲ್ ಜಾಫರೋನಿ ಅವರಿಗೆ ಸ್ಟಾಕ್‌ಹೋಮ್ ಅಪರಾಧಶಾಸ್ತ್ರ ಪ್ರಶಸ್ತಿ ಬಂತು. ನರಮೇಧದ ಅಧ್ಯಯನ ಈ ಶಾಸ್ತ್ರದ ನಡುಮನೆಗೆ ಬಂದದ್ದು ಹೆಚ್ಚುಕಡಿಮೆ ಆಗ.

ಇಷ್ಟು ತಡ ಯಾಕೆ? ಅಪರಾಧ ಅಂದರೆ ಸರ್ಕಾರದ ಕಾನೂನನ್ನು ಮುರಿಯುವುದು ಎಂದು ನಾವು ಮೊದಲ ದಿನವೇ ಕಲಿಯುತ್ತೇವೆ. ಸರ್ಕಾರವೇ ಕೊಲ್ಲಲು ಹೇಳಿದರೆ ಆ ವ್ಯಾಖ್ಯೆ ಮುಗ್ಗರಿಸುತ್ತದೆ. ಪೊಲೀಸ್ ಠಾಣೆಯ ಅಂಕಿಅಂಶ ಸಿಗುವುದಿಲ್ಲ, ಯಾಕೆಂದರೆ ಪೊಲೀಸರೇ ಕೊಲ್ಲುವವರ ಸಾಲಿನಲ್ಲಿರುತ್ತಾರೆ. ಸಂಶೋಧನೆಗೆ ದುಡ್ಡು ಕೊಡುವವರಿಗೂ ತಮ್ಮ ಊರಿನ ಕಳ್ಳತನ ಕಡಿಮೆಯಾಗಬೇಕು ಅಷ್ಟೇ.

ಈಗ ರುವಾಂಡಾ. ನೀವೇ ಹೆಸರು ತೆಗೆದಿದ್ದೀರಿ, ಅದನ್ನೇ ಹಿಡಿದು ಹೇಳುತ್ತೇನೆ. ಇಡೀ ಜಗತ್ತಿನಲ್ಲಿ ಆರೋಪಿಗಳ ಬಗ್ಗೆ ಇಷ್ಟು ಮಾಹಿತಿ ಇರುವ ನರಮೇಧ ಇನ್ನೊಂದಿಲ್ಲ.

ಹಿನ್ನೆಲೆ ಚುಟುಕಾಗಿ: ರುವಾಂಡಾದಲ್ಲಿ ಹುಟುಗಳು ಬಹುಸಂಖ್ಯಾತರು, ಟುಟ್ಸಿಗಳು ಅಲ್ಪಸಂಖ್ಯಾತರು. ಇಬ್ಬರೂ ಆಡುವುದು ಒಂದೇ ಕಿನ್ಯರುವಾಂಡಾ ಭಾಷೆ. ಇರುವುದು ಒಂದೇ ಗುಡ್ಡದ ಮೇಲೆ, ಹೋಗುವುದು ಒಂದೇ ಚರ್ಚಿಗೆ. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಗುರುತಿನ ಚೀಟಿಯ ಮೇಲೆ ಜನಾಂಗ ಬರೆಸಿತು. ಸ್ವಾತಂತ್ರ್ಯ ಬಂದ ಮೇಲೂ ಆ ಚೀಟಿ ಉಳಿಯಿತು. 1990ರ ಅಕ್ಟೋಬರ್‌ನಲ್ಲಿ ದೇಶ ಬಿಟ್ಟಿದ್ದ ಟುಟ್ಸಿಗಳೇ ಹೆಚ್ಚಿದ್ದ ಆರ್‌ಪಿಎಫ್ ಎಂಬ ಪಡೆ ಉಗಾಂಡಾ ಕಡೆಯಿಂದ ನುಗ್ಗಿತು. ಯುದ್ಧ ಶುರುವಾಯಿತು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಇದ್ದ ವಿಮಾನವನ್ನು ಕಿಗಾಲಿಯ ಹತ್ತಿರ ಹೊಡೆದುರುಳಿಸಿದರು. ಮಾರನೇ ದಿನವೇ ಪ್ರಧಾನಿ ಅಗಾಥ್ ಉವಿಲಿಂಗಿಯಿಮಾನಾ ಅವರ ಕೊಲೆಯಾಯಿತು. ಅವರು ಹುಟು, ಆದರೆ ರಾಜಿಯ ಪರ ಇದ್ದವರು. ಅಲ್ಲಿಂದ ಸುಮಾರು ನೂರು ದಿನ ಕೊಲೆ ನಡೆಯಿತು. ಸತ್ತವರು ಐದು ಲಕ್ಷಕ್ಕಿಂತ ಕಡಿಮೆ ಇಲ್ಲ. ಎಂಟು ಲಕ್ಷ ಎನ್ನುವವರು ಹೆಚ್ಚು, ರುವಾಂಡಾ ಸರ್ಕಾರದ ಲೆಕ್ಕ ಹತ್ತು ಲಕ್ಷ ದಾಟುತ್ತದೆ. ಬಹುಪಾಲು ಟುಟ್ಸಿಗಳು. ಜೊತೆಗೆ ಇದನ್ನು ಒಪ್ಪದ ಹುಟುಗಳೂ ಇದ್ದರು.

ನಿಮ್ಮ ಪ್ರಶ್ನೆ: ಅವರೆಲ್ಲ ಕ್ರೂರಿಗಳೇ?

ಸ್ಕಾಟ್ ಸ್ಟ್ರಾಸ್ ಎಂಬ ವಿದ್ವಾಂಸರು ರುವಾಂಡಾದ ಜೈಲುಗಳಲ್ಲಿ ಶಿಕ್ಷೆಯಾದ 210 ಮಂದಿಯನ್ನು ಕೂರಿಸಿಕೊಂಡು ಮಾತಾಡಿಸಿದರು. ಬಂದ ಚಿತ್ರ ಸಪ್ಪೆಯಾಗಿತ್ತು. ಸಪ್ಪೆ ಅನ್ನುವುದೇ ಅದರ ಭಯಾನಕತೆ. ಹೆಚ್ಚಿನವರು ಸಾಗುವಳಿ ಮಾಡುವ ರೈತರು. ಹೆಂಡತಿ ಮಕ್ಕಳು ಇದ್ದವರು. ಓದಿನಲ್ಲಿ ಊರಿನ ಉಳಿದ ಗಂಡಸರಿಗಿಂತ ಮೇಲೂ ಇಲ್ಲ, ಕೆಳಗೂ ಇಲ್ಲ. ಹಳೆಯ ಕೇಸು ಇದ್ದ ರೌಡಿಗಳಲ್ಲ. ಟುಟ್ಸಿ ನೆರೆಯವರ ಜೊತೆ ಮೊದಲು ಹೇಗಿದ್ದಿರಿ ಎಂದು ಕೇಳಿದರೆ, ಚೆನ್ನಾಗೇ ಇದ್ದೆವು ಎಂದರು. ಬಹಳ ಮಂದಿಗೆ ಟುಟ್ಸಿ ನೆಂಟರೇ ಇದ್ದರು.

ಕೊಂದವರ ಸಂಖ್ಯೆ ಒಂದು ಮುಕ್ಕಾಲು ಲಕ್ಷದಿಂದ ಎರಡು ಲಕ್ಷ ಹತ್ತು ಸಾವಿರದ ನಡುವೆ ಇರಬಹುದು ಎಂದು ಸ್ಟ್ರಾಸ್ ಅಂದಾಜು ಮಾಡಿದರು. ಅಂದರೆ ದುಡಿಯುವ ವಯಸ್ಸಿನ ಹುಟು ಗಂಡಸರಲ್ಲಿ ನೂರಕ್ಕೆ 14ರಿಂದ 17 ಮಂದಿ. ಇದನ್ನು ಎರಡೂ ಕಡೆಯಿಂದ ಓದಬೇಕು. ಜಗತ್ತಿನ ಯಾವ ಊರಿನಲ್ಲೂ ಗಂಡಸರಲ್ಲಿ ನೂರಕ್ಕೆ ಹದಿನೈದು ಜನ ಕೊಲೆಗಾರರು ಇರುವುದಿಲ್ಲ. ಅದೇ ಹೊತ್ತಿಗೆ, ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಗಂಡಸರು ಕೊಲ್ಲಲಿಲ್ಲ. ಇಡೀ ಹುಟು ಜನಾಂಗ ಕತ್ತಿ ಹಿಡಿಯಿತು ಎಂದು ಸಲೀಸಾಗಿ ಬರೆಯುವವರು ಈ ಎರಡನೇ ಅರ್ಧವನ್ನು ಮರೆಯುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿದ್ದು ವಯಸ್ಸಿನ ಲೆಕ್ಕ. ಅಪರಾಧಶಾಸ್ತ್ರದಲ್ಲಿ ಇಷ್ಟು ಗಟ್ಟಿಯಾದ ಸಂಗತಿ ಇನ್ನೊಂದಿಲ್ಲ ಎನ್ನಬಹುದು: ಅಪರಾಧ ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಆಮೇಲೆ ಇಳಿಯುತ್ತದೆ. ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ, ಮಕ್ಕಳಾಗುತ್ತವೆ. ಹುಡುಗ ದಾರಿಗೆ ಬರುತ್ತಾನೆ. ನಮ್ಮ ಕಡೆ ಪುಂಡು ಹುಡುಗನಿಗೆ ಮದುವೆ ಮಾಡಿಸಿ, ಸರಿಹೋಗ್ತಾನೆ ಅನ್ನುವ ಅಜ್ಜಿಯರೂ ಇದನ್ನೇ ಹೇಳುವುದು. ಹಾಲಿ ನೈಸೆತ್ ಬ್ರೆಮ್, ಕ್ರಿಸ್ಟೋಫರ್ ಉಗೆನ್ ಮತ್ತು ಝಾನ್-ದಮಸೇನ್ ಗಸನಾಬೊ ಎಂಬ ಮೂವರು ರುವಾಂಡಾದ ಗಚಾಚಾ ಎಂಬ ಊರ ನ್ಯಾಯಾಲಯಗಳ ದಾಖಲೆ ಹಿಡಿದು ಆರೋಪಿಗಳ ವಯಸ್ಸನ್ನು ನೋಡಿದರು. ತುದಿ ಇಪ್ಪತ್ತರಲ್ಲಿ ಇರಲಿಲ್ಲ. ಮೂವತ್ತು ದಾಟಿದ ಮೇಲಿತ್ತು.

ಅಂದರೆ ಸಂಸಾರಸ್ಥರು. ಊರಲ್ಲಿ ಮಾತು ನಡೆಯುವ ವಯಸ್ಸಿನವರು. ಕಳ್ಳತನದಿಂದ ಒಬ್ಬನನ್ನು ದೂರ ಇಡುವ ಮನೆ, ಹೊಲ, ಹೆಂಡತಿ ಮಕ್ಕಳು, ನಾಲ್ಕು ಜನರ ಬಾಯಿಗೆ ಬೀಳಬಾರದು ಎಂಬ ಅಂಜಿಕೆ, ಇವು ಯಾವುವೂ ಇಲ್ಲಿ ತಡೆಯಲಿಲ್ಲ. ತಡೆಯುವುದಿರಲಿ, ಅವೇ ಎಳೆದುಕೊಂಡು ಹೋದವು. ಕಳ್ಳನಾಗಬೇಕಾದರೆ ಊರಿನ ಮಾತು ಮೀರಬೇಕು. 1994ರ ಏಪ್ರಿಲ್‌ನಲ್ಲಿ ರುವಾಂಡಾದ ಗುಡ್ಡಗಳಲ್ಲಿ ಕೊಲ್ಲದೆ ಉಳಿಯಬೇಕಾದರೆ ಊರಿನ ಮಾತು ಮೀರಬೇಕಿತ್ತು. ಮೀರುವ ಅಭ್ಯಾಸವೇ ಇಲ್ಲದವರು ಈ ಮರ್ಯಾದಸ್ಥರು. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇದೇ. ನರಮೇಧ ಬಹುಮಟ್ಟಿಗೆ ವಿಧೇಯರ ಅಪರಾಧ.

ಹಾಗೆಂದು ದ್ವೇಷ ಇರಲೇ ಇಲ್ಲ ಅಂತಲ್ಲ. ಇತ್ತು, ಮುಖ್ಯವಾಗಿ ಮೇಲಿನವರಲ್ಲಿ, ಆಳುವ ಪಕ್ಷದ ಇಂಟರಹಾಮ್ವೆ ಎಂಬ ಯುವಪಡೆಯಲ್ಲಿ. ಸ್ಟ್ರಾಸ್ ಕಂಡಂತೆ ಕೊಲೆಗಳಲ್ಲಿ ದೊಡ್ಡ ಪಾಲು ಸಣ್ಣ ಗುಂಪಿನದು. ಅವರು ಮುಂದೆ, ಉಳಿದವರು ಹತ್ತರ ಜೊತೆ ಹನ್ನೊಂದು. ಆದರೆ ಆ ಹನ್ನೊಂದನೆಯವರು ಇಲ್ಲದಿದ್ದರೆ ನೂರು ದಿನದಲ್ಲಿ ಇಷ್ಟು ಜನ ಸಾಯುತ್ತಿರಲಿಲ್ಲ.

ದ್ವೇಷವೇ ಕಾರಣವಾಗಿದ್ದರೆ ವಿಮಾನ ಬಿದ್ದ ರಾತ್ರಿಯೇ ದೇಶವೆಲ್ಲ ಹೊತ್ತಿಕೊಳ್ಳಬೇಕಿತ್ತು, ಅಲ್ವಾ? ಹಾಗೆ ಆಗಲಿಲ್ಲ. ತಾಬಾ ಎಂಬ ಕಮ್ಯೂನಿನ ಕಥೆ ನೋಡಿ. ಕಮ್ಯೂನು ಅಂದರೆ ಪ್ರಾಂತ್ಯದ ಕೆಳಗಿನ ಆಡಳಿತ ಘಟಕ.

ಕಮ್ಯೂನಿನ ಮುಖ್ಯಸ್ಥನಿಗೆ ಅಲ್ಲಿ ಬುರ್ಗ್‌ಮೆಸ್ತ್ರ್ ಎನ್ನುತ್ತಿದ್ದರು. ನಮ್ಮ ತಹಸೀಲ್ದಾರರ ಅಧಿಕಾರ, ಪುರಸಭೆ ಅಧ್ಯಕ್ಷರ ಜನಬಳಕೆ, ಠಾಣೆಯ ಮೇಲಿನ ಹಿಡಿತ ಎಲ್ಲ ಒಬ್ಬನ ಕೈಗೆ ಕೊಟ್ಟರೆ ಹೇಗಿರುತ್ತದೋ ಹಾಗೆ. ತಾಬಾದ ಬುರ್ಗ್‌ಮೆಸ್ತ್ರ್ ಝಾನ್-ಪಾಲ್ ಅಕಾಯೆಸು. ಮೊದಲು ಮೇಷ್ಟ್ರು, ಆಮೇಲೆ ಶಾಲಾ ಇನ್‌ಸ್ಪೆಕ್ಟರ್. ಆಳುವ ಪಕ್ಷದವನೂ ಅಲ್ಲ, ಎಂಡಿಆರ್ ಎಂಬ ವಿರೋಧ ಪಕ್ಷದವನು. ಏಪ್ರಿಲ್ 7ರಿಂದ ಸುಮಾರು ಹತ್ತು ದಿನ ಅವನು ತನ್ನ ಕಮ್ಯೂನಿನಲ್ಲಿ ಹಿಂಸೆ ತಡೆಯಲು ನೋಡಿದ. ಇದು ಅವನ ವಕೀಲರ ವಾದವಷ್ಟೇ ಆಗಿರಲಿಲ್ಲ. ಅವನಿಗೆ ಶಿಕ್ಷೆ ಕೊಟ್ಟ, ತಾಂಜಾನಿಯಾದ ಅರುಷಾದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಾಲಯವೂ ಒಪ್ಪಿದ ಮಾತು.

ಏಪ್ರಿಲ್ 18ರಂದು, ಅಧ್ಯಕ್ಷ ಸತ್ತ ಮೇಲೆ ಬಂದ ಮಧ್ಯಂತರ ಸರ್ಕಾರ ಗಿತರಾಮ ಪ್ರಾಂತ್ಯದ ಬುರ್ಗ್‌ಮೆಸ್ತ್ರ್‌ಗಳ ಸಭೆ ಕರೆಯಿತು. ಅದರ ಪ್ರಧಾನಿ ಝಾನ್ ಕಂಬಾಂಡಾ ಖುದ್ದಾಗಿ ಬಂದಿದ್ದ. ಸರ್ಕಾರ ಯಾವ ಕಡೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ಮಾರನೇ ದಿನ ನಸುಕಿನಲ್ಲಿ ಗಿಶ್ಯೆಶ್ಯೆ ಎಂಬಲ್ಲಿ ಸೇರಿದ ಜನರ ಮುಂದೆ ಅಕಾಯೆಸು ನಿಂತು, ನಮಗಿರುವುದು ಒಬ್ಬನೇ ಶತ್ರು, ಅವನನ್ನು ಮುಗಿಸಬೇಕು ಎಂಬ ಅರ್ಥದ ಮಾತಾಡಿದ. ಆವತ್ತಿನಿಂದ ತಾಬಾದಲ್ಲಿ ಟುಟ್ಸಿಗಳ ಕೊಲೆ ಎಗ್ಗಿಲ್ಲದೆ ನಡೆಯಿತು. ಆಶ್ರಯ ಕೇಳಿಕೊಂಡು ಕಮ್ಯೂನ್ ಕಚೇರಿಗೆ ಬಂದ ಹೆಂಗಸರ ಮೇಲೆ ಅದೇ ಆವರಣದಲ್ಲಿ ಅತ್ಯಾಚಾರ ನಡೆಯಿತು. ಅವನಿಗೆ ಗೊತ್ತಿತ್ತು, ಉತ್ತೇಜನವೂ ಕೊಟ್ಟ ಎಂದು ನ್ಯಾಯಾಲಯ ಹೇಳಿತು. ತಾಬಾದಲ್ಲಿ ಕನಿಷ್ಠ ಎರಡು ಸಾವಿರ ಟುಟ್ಸಿಗಳು ಸತ್ತರು.

ಇದೇ ದಿನ, ಏಪ್ರಿಲ್ 19ರಂದು, ದಕ್ಷಿಣದ ಬುತಾರೆಯಲ್ಲಿ ಇನ್ನೊಂದು ಭಾಷಣ. ಬುತಾರೆ ಪ್ರಾಂತ್ಯದ ಮುಖ್ಯಸ್ಥ ಝಾನ್-ಬಾಪ್ಟಿಸ್ಟ್ ಹಬ್ಯಾಲಿಮಾನಾ ದೇಶದ ಏಕೈಕ ಟುಟ್ಸಿ ಪ್ರಾಂತ್ಯಾಧಿಕಾರಿ. ಅವರು ಇರುವವರೆಗೆ ಅಲ್ಲಿ ಹೆಚ್ಚು ಕಡೆ ಶಾಂತಿ ಇತ್ತು. ಬೇರೆ ಕಡೆಯಿಂದ ಟುಟ್ಸಿಗಳು ಅಲ್ಲಿಗೇ ಓಡಿ ಬರುತ್ತಿದ್ದರು. ಸರ್ಕಾರ ಅವರನ್ನು ಕೆಲಸದಿಂದ ತೆಗೆಯಿತು. ಆಮೇಲೆ ಕೊಂದರು. ಮಧ್ಯಂತರ ಅಧ್ಯಕ್ಷ ಸಿಂದಿಕುಬ್ವಾಬೊ ಬಂದು, ಸುಮ್ನೆ ಕೂತವರನ್ನು ಹೀಯಾಳಿಸುವ ಭಾಷಣ ಮಾಡಿದ. ಅಲ್ಲಿಂದ ಮುಂದೆ ಬುತಾರೆ ದೇಶದ ಅತಿ ಘೋರ ಕೊಲೆಗಳ ಜಾಗವಾಯಿತು. ಈ ಪ್ರಾಂತ್ಯದ ಅಪರಾಧಗಳಿಗಾಗಿ ಆಗಿನ ಮಹಿಳಾ ಮತ್ತು ಕುಟುಂಬ ಕಲ್ಯಾಣ ಮಂತ್ರಿ ಪೌಲೀನ್ ನ್ಯಿರಾಮಸುಹುಕೊಗೆ 2011ರಲ್ಲಿ ಶಿಕ್ಷೆಯಾಯಿತು. ಆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನರಮೇಧಕ್ಕೆ ಶಿಕ್ಷೆಯಾದ ಮೊದಲ ಹೆಂಗಸು ಆಕೆ.

ಮೂರನೆಯದು ಗೀತಿ. ಉತ್ತರದ ಬ್ಯೂಂಬಾ ಪ್ರಾಂತ್ಯದ ಕಮ್ಯೂನು. ಸರ್ಕಾರದ ಹಿಡಿತದಲ್ಲಿದ್ದ ಪ್ರದೇಶದಲ್ಲಿ ನರಮೇಧ ನಡೆಯದೆ ಉಳಿದ ಕಮ್ಯೂನು ಎಂದು ಹೆಸರಾಗಿರುವುದು ಇದೊಂದೇ. ಅಲ್ಲಿನ ಬುರ್ಗ್‌ಮೆಸ್ತ್ರ್ ಎದ್ವಾರ್ ಸೆಬುಶುಂಬಾ ಹಿಂಸೆಗೆ ಅವಕಾಶ ಕೊಡಲಿಲ್ಲ. ಒಳ್ಳೆಯ ಮನುಷ್ಯ, ಹಾಗಾಗಿ ಊರು ಉಳಿಯಿತು ಎಂದು ಮುಗಿಸಿಬಿಡಬಹುದಿತ್ತು. ಆದರೆ ಮೊದಲ ಹತ್ತು ದಿನ ಅಕಾಯೆಸುವೂ ತಡೆದಿದ್ದ, ಹಬ್ಯಾಲಿಮಾನಾ ಅವರಂತೂ ಕೊನೆತನಕ ತಡೆದರು. ಗೀತಿಯಲ್ಲಿ ಇನ್ನೊಂದು ಸಂಗತಿ ಇತ್ತು. ಮೇಲಿನ ಒತ್ತಡ ಬುರ್ಗ್‌ಮೆಸ್ತ್ರನ ಕೈ ತಿರುಚುವ ಮೊದಲೇ ಆರ್‌ಪಿಎಫ್ ಸೈನ್ಯ ಅಲ್ಲಿಗೆ ಬಂತು. ವ್ಯಕ್ತಿ ಮತ್ತು ಸಮಯ ಎರಡೂ ಕೂಡಿಬಂದವು.

ತಾಬಾದಲ್ಲಾಗಲಿ ಬುತಾರೆಯಲ್ಲಾಗಲಿ ಜನರ ಮನಸ್ಸು ಏಪ್ರಿಲ್ 17ರಿಂದ 20ರ ಒಳಗೆ ಬದಲಾಗಿರಲು ಸಾಧ್ಯವಿಲ್ಲ. ಬದಲಾದದ್ದು ಕುರ್ಚಿ, ಆದೇಶ, ಯಾರು ಯಾರನ್ನು ಬೆದರಿಸಬಹುದು ಎಂಬ ಲೆಕ್ಕ. ಕಳ್ಳತನದ ನಕ್ಷೆ ಮಾಡುವಾಗ ನಾವು ಬೀದಿದೀಪ, ಬಸ್ ನಿಲ್ದಾಣ ಗುರುತು ಹಾಕುತ್ತೇವೆ. ಇಲ್ಲಿ ಸರ್ಕಾರಿ ಸಭೆಗಳನ್ನು ಗುರುತು ಹಾಕಬೇಕು.

ಆದೇಶ ಗುಡ್ಡದ ಮೇಲಿನ ಒಂದು ಗುಡಿಸಲಿಗೆ ಹೇಗೆ ತಲುಪುತ್ತದೆ? ರುವಾಂಡಾದಲ್ಲಿ ಅದಕ್ಕೆ ಹಾದಿ ಮೊದಲೇ ಸವೆದಿತ್ತು. ಪ್ರಾಂತ್ಯ, ಕಮ್ಯೂನು, ಸೆಕ್ಟರ್, ಸೆಲ್, ಅದರ ಕೆಳಗೆ ಹತ್ತು ಮನೆಗೊಬ್ಬ ಮುಖಂಡ. 1970ರ ದಶಕದಿಂದ ಹಬ್ಯಾರಿಮಾನಾ ಸರ್ಕಾರ ಉಮುಗಾಂಡಾ ಎಂಬ ಕಡ್ಡಾಯ ಊರುಕೆಲಸ ನಡೆಸುತ್ತಿತ್ತು. ವಾರಕ್ಕೊಮ್ಮೆ ಮನೆಗೊಬ್ಬರು ಬರಬೇಕು. ರಸ್ತೆ ತೆಗೆಯಬೇಕು, ಗಿಡ ನೆಡಬೇಕು. ತಪ್ಪಿಸಿಕೊಂಡರೆ ದಂಡ. ಏಪ್ರಿಲ್‌ನಲ್ಲೂ ಅದೇ ಮುಖಂಡ ಬಂದು ಬಾಗಿಲು ಬಡಿದ. ಮನೆಗೊಬ್ಬ ಗಂಡಸು ಬರಬೇಕು ಅಂದ. ಹೋಗದವನಿಗೆ ದಂಡ, ಏಟು, ನೀನೂ ಶತ್ರುವಿನ ಕಡೆಯವನು ಎಂಬ ಆಪಾದನೆ. ಅಲ್ಲಿ ಮಾಡುವುದನ್ನೂ ಕೆಲಸ ಅಂತಲೇ ಕರೆದರು.

ಒಮರ್ ಮ್ಯಾಕ್‌ಡೂಮ್ ಎಂಬ ಸಂಶೋಧಕರು ದಕ್ಷಿಣದ ಒಂದು ಸೆಕ್ಟರಿನಲ್ಲಿ ಮನೆಮನೆಯ ನಕ್ಷೆ ಮಾಡಿದರು. ಯಾರು ಭಾಗವಹಿಸಿದರು, ಯಾರು ಇಲ್ಲ ಎಂದು ಗುರುತಿಸಿದರು. ಭಾಗವಹಿಸಿದವರು ಒತ್ತೊತ್ತಾಗಿ ಇದ್ದರು. ಮನೆಯಲ್ಲಿ ಒಬ್ಬ ಹೋಗಿದ್ದರೆ ಇನ್ನೊಬ್ಬನೂ ಹೋಗಿರುವ ಸಂಭವ ಜಾಸ್ತಿ. ಪಕ್ಕದ ಮನೆಯವನು ಹೋಗಿದ್ದರೂ ಅಷ್ಟೇ. ಬಾಲಾಪರಾಧ ಓದಿದ ನಿಮಗೆ ಇದು ಹೊಸತಲ್ಲ. ಸಹವಾಸದಿಂದ ಅಪರಾಧ ಕಲಿಯುತ್ತಾರೆ ಎಂದು ಎಡ್ವಿನ್ ಸದರ್ಲ್ಯಾಂಡ್ ಹೇಳಿದ್ದನ್ನು ನೀವು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಇಲ್ಲಿ ಸಹವಾಸ ಅಂದರೆ ಅಣ್ಣ, ಭಾವ, ಬೇಲಿಯಾಚೆಯ ಮನೆಯವನು.

ಲೀ ಆನ್ ಫುಜಿ ಹಳ್ಳಿಗಳಲ್ಲಿ ಕೂತು ಕೇಳಿದ ಸಂಗತಿ ಇನ್ನೂ ಸೂಕ್ಷ್ಮ. ಒಬ್ಬನೇ ಇದ್ದಾಗ ದಾರಿಯಲ್ಲಿ ಸಿಕ್ಕ ಟುಟ್ಸಿಯನ್ನು ನೋಡಿಯೂ ನೋಡದಂತೆ ಬಿಟ್ಟವನು, ಗುಂಪಿನ ಜೊತೆ ಇದ್ದಾಗ ಬಿಡಲಿಲ್ಲ. ಒಬ್ಬರನ್ನು ಅಡಗಿಸಿಟ್ಟವನೇ ಇನ್ನೊಬ್ಬರನ್ನು ಕೊಲ್ಲುವ ಗುಂಪಿನಲ್ಲಿದ್ದ. ಕೊಲೆಗಾರ, ರಕ್ಷಕ, ಸುಮ್ಮನೆ ನೋಡಿದವ ಎಂದು ಮೂರು ಡಬ್ಬಿ ಮಾಡಿ ಜನರನ್ನು ಹಾಕುವುದು ಪಾಠಕ್ಕೆ ಅನುಕೂಲ. ಮನುಷ್ಯರು ಡಬ್ಬಿಯಿಂದ ಡಬ್ಬಿಗೆ ಓಡಾಡುತ್ತಾರೆ.

ರೇಡಿಯೋ ಬಗ್ಗೆ ಒಂದು ಮಾತು ಹೇಳದಿದ್ದರೆ ನೀವೇ ಕೇಳುತ್ತೀರಿ. 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ ಎಂಬ ಕೇಂದ್ರ ಹಾಡು, ತಮಾಷೆಯ ನಡುವೆ ಟುಟ್ಸಿಗಳನ್ನು ಜಿರಳೆ ಎಂದು ಕರೆಯುತ್ತಿತ್ತು. ಕೊಲೆ ಶುರುವಾದ ಮೇಲೆ ಜನರ ಹೆಸರು, ಅವರು ಅಡಗಿದ ಜಾಗ ಹೇಳುತ್ತಿತ್ತು. ರೇಡಿಯೋ ಕೇಳಿಯೇ ದೇಶ ಹುಚ್ಚಾಯಿತು ಎಂಬ ಮಾತು ಸಾಮಾನ್ಯ. ಗುಡ್ಡಗಳ ಅಡ್ಡದಿಂದ ಯಾವ ಹಳ್ಳಿಗೆ ಸಿಗ್ನಲ್ ಬರುತ್ತಿತ್ತು, ಯಾವುದಕ್ಕೆ ಇಲ್ಲ ಎಂದು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ಡೇವಿಡ್ ಯಾನಗಿಜಾವಾ-ಡ್ರಾಟ್, ಒಟ್ಟು ಭಾಗವಹಿಸಿದವರಲ್ಲಿ ಸುಮಾರು ಹತ್ತನೇ ಒಂದು ಪಾಲು ರೇಡಿಯೋದ ಪರಿಣಾಮ ಎಂದರು. ಸ್ಟ್ರಾಸ್ ಪ್ರಕಾರ ಅದೂ ಜಾಸ್ತಿ, ರೇಡಿಯೋಗಿಂತ ಎದುರುಬದುರು ಬಂದು ಕರೆದವರೇ ಮುಖ್ಯ. ನನಗೆ ಸ್ಟ್ರಾಸ್ ಮಾತು ಹೆಚ್ಚು ಸರಿ ಕಾಣುತ್ತದೆ. ಆದರೂ ಹತ್ತನೇ ಒಂದು ಪಾಲು ಅಂದರೆ ಹತ್ತಾರು ಸಾವಿರ ಜನ. ಚಿಕ್ಕ ಮಾತಲ್ಲ.

ಕೊಂದ ಮೇಲೆ ಮನುಷ್ಯ ತನಗೆ ತಾನೇ ಏನು ಹೇಳಿಕೊಳ್ಳುತ್ತಾನೆ ಎಂಬುದಕ್ಕೆ ನಿಮ್ಮ ಪಠ್ಯದಲ್ಲೇ ಉತ್ತರ ಇದೆ. 1957ರಲ್ಲಿ ಸೈಕ್ಸ್ ಮತ್ತು ಮಾಟ್ಜಾ ಪುಂಡು ಹುಡುಗರು ಕೊಡುವ ಸಬೂಬುಗಳನ್ನು ವಿಂಗಡಿಸಿದರು. ನನ್ನ ಕೈಯಲ್ಲಿ ಇರಲಿಲ್ಲ. ಅವನೇನು ಪಾಪದವನಲ್ಲ. ನೀವೇನು ಕಡಿಮೆ? ನಮ್ಮವರಿಗಾಗಿ ಮಾಡಿದೆ. ಅಂಗಡಿ ಗಾಜು ಒಡೆದವರ ಬಗ್ಗೆ ಬರೆದ ಪಟ್ಟಿ ಅರುಷಾದ ಕಟಕಟೆಗೆ ತಕ್ಕಂತೆ ಇತ್ತು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಪುಂಡು ಹುಡುಗ ತನ್ನ ಸಬೂಬನ್ನು ತಾನೇ ಹುಡುಕಿಕೊಳ್ಳಬೇಕು. ನರಮೇಧದಲ್ಲಿ ಸರ್ಕಾರ ಅದನ್ನು ಮುಂಚೆಯೇ ತಯಾರು ಮಾಡಿ ಹಂಚಿರುತ್ತದೆ.

ಸಬೂಬಿನ ಪಕ್ಕದಲ್ಲೇ ಲಾಭವೂ ಇತ್ತು. ಗಚಾಚಾ ನ್ಯಾಯಾಲಯಗಳ ಮುಂದೆ ಬಂದ 19 ಲಕ್ಷಕ್ಕೂ ಹೆಚ್ಚು ಪ್ರಕರಣಗಳಲ್ಲಿ 13 ಲಕ್ಷದಷ್ಟು ಆಸ್ತಿಗೆ ಸಂಬಂಧಿಸಿದವು. ದನ ಹೊಡೆದುಕೊಂಡು ಹೋದದ್ದು, ಮನೆಯ ಹೆಂಚು ತಗಡು ಬಿಚ್ಚಿದ್ದು, ಪೈರು ಕೊಯ್ದದ್ದು. ಮೂರರಲ್ಲಿ ಎರಡು ಪಾಲು ಲೂಟಿ! ನರಮೇಧ ಅಂದ ಕೂಡಲೇ ನಾವು ಸಿದ್ಧಾಂತ, ಜನಾಂಗ, ಇತಿಹಾಸ ಅನ್ನುತ್ತೇವೆ. ತಗಡಿನ ಆಸೆಗೆ ಹೋದವನೂ ಆ ಸಾಲಿನಲ್ಲಿ ಇದ್ದ. ಜಮೀನಿಗೆ ಜಗಳವಾಡುವ ಅಣ್ಣತಮ್ಮಂದಿರನ್ನು ಕೋರ್ಟಿನಲ್ಲಿ ದಿನಾ ನೋಡುವ ವಕೀಲರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಎಲ್ಲ ಮಾಹಿತಿಯನ್ನು ಎಷ್ಟು ನಂಬಬೇಕು? ಒಳ್ಳೆಯ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. ಜೈಲಿನಲ್ಲಿ ಕೂತವನು, ನನ್ನನ್ನು ಬಲವಂತ ಮಾಡಿದರು ಎನ್ನುವುದು ಸಹಜ. ಅದು ಅವನಿಗೆ ಅನುಕೂಲದ ಮಾತು. ಸ್ಟ್ರಾಸ್ ಕೂಡ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು, ಊರಿನ ಘಟನೆಗಳ ಕ್ರಮ ಎಲ್ಲ ತಾಳೆ ನೋಡಬೇಕಾಯಿತು. ಗಚಾಚಾ ದಾಖಲೆಗಳದ್ದು ಬೇರೆ ತೊಂದರೆ.

1994ರ ನಂತರ ರುವಾಂಡಾದ ಜೈಲುಗಳಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜನ ವಿಚಾರಣೆಗೆ ಕಾಯುತ್ತಿದ್ದರು. ವಕೀಲರು, ಜಡ್ಜುಗಳಲ್ಲೇ ಎಷ್ಟೋ ಮಂದಿ ಸತ್ತಿದ್ದರು ಅಥವಾ ದೇಶ ಬಿಟ್ಟಿದ್ದರು. ಮಾಮೂಲಿ ಕೋರ್ಟಿನಲ್ಲಿ ಇದು ತಲೆಮಾರುಗಟ್ಟಲೆ ಹಿಡಿಯುತ್ತಿತ್ತು. ಹಾಗಾಗಿ ಹಿಂದೆ ದನ, ಬೇಲಿಯ ಜಗಳ ತೀರಿಸುತ್ತಿದ್ದ ಗಚಾಚಾ ಪದ್ಧತಿಯನ್ನು ಕಾನೂನು ಮಾಡಿ ತಂದರು. 2002ರಲ್ಲಿ ಪ್ರಯೋಗವಾಗಿ ಶುರು, 2005ರಿಂದ ದೇಶದ ತುಂಬಾ, 2012ರ ಜೂನ್‌ನಲ್ಲಿ ಮುಕ್ತಾಯ. ಸುಮಾರು 12,000 ನ್ಯಾಯಾಲಯ. ಹುಲ್ಲಿನ ಮೇಲೆ ಕೂತ ಊರವರು, ಊರವರೇ ಆರಿಸಿದ ನ್ಯಾಯಾಧೀಶರು. ಆರೋಪಿಗೆ ವಕೀಲರಿಲ್ಲ. ಹಳೆ ದ್ವೇಷಕ್ಕೆ ಸುಳ್ಳು ಹೇಳಿದವರಿದ್ದರು. ನಿಜ ಹೇಳಬಂದ ಸಾಕ್ಷಿಗಳ ಕೊಲೆಗಳೂ ನಡೆದವು. ಎಲ್ಲಕ್ಕಿಂತ ದೊಡ್ಡ ಕೊರತೆ ಏನೆಂದರೆ, ಯುದ್ಧ ಗೆದ್ದು ಅಧಿಕಾರಕ್ಕೆ ಬಂದ ಆರ್‌ಪಿಎಫ್‌ನ ಸೈನಿಕರು ಹುಟು ನಾಗರಿಕರನ್ನು ಕೊಂದ ಪ್ರಕರಣಗಳು ಅಲ್ಲಿಗೆ ಬರುವಂತಿರಲಿಲ್ಲ. ಅರುಷಾದ ಅಂತರರಾಷ್ಟ್ರೀಯ ನ್ಯಾಯಾಲಯವೂ ಆ ಕಡೆಯವರಲ್ಲಿ ಒಬ್ಬರನ್ನೂ ಕಟಕಟೆಗೆ ತರಲಿಲ್ಲ. ಆ ದಾಖಲೆಗಳಿಂದ ನಾವು ಎಳೆಯುವ ವಯಸ್ಸಿನ ರೇಖೆ, ಲೂಟಿಯ ಲೆಕ್ಕ ಎಲ್ಲ ಗೆದ್ದವರು ಹೊರಗೆ ಉಳಿದ ಲೆಕ್ಕ. ಹಾಗೆಂದು ಎಸೆಯುವಂತಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಆರೋಪಿಗಳ ವಿವರ ಬೇರೆ ಯಾವ ನರಮೇಧದ ಬಗ್ಗೆಯೂ ಇಲ್ಲ. ಮಾಮೂಲಿ ಪೊಲೀಸ್ ಅಂಕಿಅಂಶವನ್ನು ಹೇಗೆ ಅನುಮಾನ ಇಟ್ಟುಕೊಂಡೇ ಬಳಸುತ್ತೇವೋ ಹಾಗೆಯೇ ಬಳಸಬೇಕು.

ನೀವು ಕಾನೂನು ವಿದ್ಯಾರ್ಥಿನಿ ಆದ್ದರಿಂದ ಅರುಷಾದ ತೀರ್ಪಿನ ಮಾತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1994ರ ನವೆಂಬರ್‌ನಲ್ಲಿ ರುವಾಂಡಾಕ್ಕಾಗಿ ಒಂದು ನ್ಯಾಯಾಲಯ ಮಾಡಿತು. ಅದು ಕೂತದ್ದು ತಾಂಜಾನಿಯಾದ ಅರುಷಾದಲ್ಲಿ. 1998ರ ಸೆಪ್ಟೆಂಬರ್ 2ರಂದು ಅಕಾಯೆಸು ತಪ್ಪಿತಸ್ಥ ಎಂದು ತೀರ್ಪು ಬಂತು. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ನರಮೇಧಕ್ಕೆ ಶಿಕ್ಷೆ ಕೊಟ್ಟದ್ದು ಅದೇ ಮೊದಲು. ಒಂದು ಜನಾಂಗವನ್ನು ನಾಶ ಮಾಡುವ ಉದ್ದೇಶದಿಂದ ನಡೆದ ಅತ್ಯಾಚಾರವೂ ನರಮೇಧವೇ ಎಂದು ಹೇಳಿದ್ದೂ ಅದೇ ಮೊದಲು. ಪೀಠದ ಮೂವರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದ ನವನೀತಂ ಪಿಳ್ಳೈ. ಅಕಾಯೆಸುಗೆ ಅಕ್ಟೋಬರ್‌ನಲ್ಲಿ ಜೀವಾವಧಿ. ಅದಕ್ಕೂ ಮೊದಲೇ, ಸೆಪ್ಟೆಂಬರ್ 4ರಂದು, ತಪ್ಪೊಪ್ಪಿಕೊಂಡಿದ್ದ ಪ್ರಧಾನಿ ಕಂಬಾಂಡಾಗೂ ಜೀವಾವಧಿ. ಗಿತರಾಮದ ಆ ಸಭೆಯಲ್ಲಿ ಹೇಳಿದವನಿಗೂ ಕೇಳಿದವನಿಗೂ ಒಂದೇ ಶಿಕ್ಷೆ.

ಇದು ಸರಿಯೇ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಾರೆ. ಒತ್ತಡದಿಂದ ಮಾಡಿದ ಎಂದು ನೀವೇ ವಿವರಿಸಿದ ಮೇಲೆ ಶಿಕ್ಷೆ ಯಾಕೆ? ವಿವರಣೆ ಬೇರೆ, ಕ್ಷಮೆ ಬೇರೆ. ಏಪ್ರಿಲ್ 18ರ ತನಕ ತಡೆದವನಿಗೆ ತಾನು ಮಾಡುತ್ತಿರುವುದು ಏನು ಎಂದು ಗೊತ್ತಿತ್ತು. ಆ ಹತ್ತು ದಿನವೇ ಅವನ ವಿರುದ್ಧ ಸಾಕ್ಷಿ. ಬಾಗಿಲು ಬಡಿದಾಗ ಗುಂಪಿನ ಹಿಂದೆ ಹೋದ ರೈತನಿಗೆ ನಾನು ಅದೇ ಅಳತೆ ಹಿಡಿಯುವುದಿಲ್ಲ. ರುವಾಂಡಾವೂ ಹಿಡಿಯಲಿಲ್ಲ. ತಪ್ಪೊಪ್ಪಿಕೊಂಡ ಎಷ್ಟೋ ಮಂದಿಗೆ ಶಿಕ್ಷೆಯ ಒಂದು ಭಾಗವಾಗಿ ಊರಿನ ರಸ್ತೆ, ಮನೆ ಕಟ್ಟುವ ಕೆಲಸ ಕೊಟ್ಟು, ವಾಪಸ್ ಅದೇ ಗುಡ್ಡಕ್ಕೆ ಕಳಿಸಿದರು.

ಕೊನೆಯದಾಗಿ ನಮ್ಮ ದೇಶದ ಕಾನೂನು. 1948ರ ನರಮೇಧ ಒಪ್ಪಂದಕ್ಕೆ ಭಾರತ 1949ರಲ್ಲಿ ಸಹಿ ಹಾಕಿ, 1959ರಲ್ಲಿ ಅನುಮೋದನೆ ಕೊಟ್ಟಿತು. ಒಪ್ಪಂದದ ಪ್ರಕಾರ ದೇಶದೊಳಗೆ ಕಾನೂನು ಮಾಡಬೇಕು. ನಾವು ಇನ್ನೂ ಮಾಡಿಲ್ಲ. ಯುದ್ಧಾಪರಾಧದ ಒಂದು ಭಾಗಕ್ಕೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ನಾವು ಸೇರಿಲ್ಲ. 1984ರ ಸಿಖ್ಖರ ಹತ್ಯೆಯ ಒಂದು ಪ್ರಕರಣದಲ್ಲಿ 2018ರ ಡಿಸೆಂಬರ್ 17ರಂದು ದೆಹಲಿ ಹೈಕೋರ್ಟು ಕಾಂಗ್ರೆಸ್ ನಾಯಕನಾಗಿದ್ದ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನರಮೇಧವಾಗಲಿ, ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದೇಶದ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಕೊರತೆ ಬೇಗ ಸರಿಯಾಗಬೇಕು ಎಂದು ನ್ಯಾಯಮೂರ್ತಿಗಳಾದ ಎಸ್. ಮುರಳೀಧರ್ ಮತ್ತು ವಿನೋದ್ ಗೋಯಲ್ ಆ ತೀರ್ಪಿನಲ್ಲಿ ಬರೆದರು. ಆಮೇಲೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, 2024ರ ಜುಲೈ 1ರಿಂದ ಜಾರಿಯಾಯಿತು. ಅದರ 103ನೇ ಸೆಕ್ಷನ್ನಿನ ಎರಡನೇ ಉಪವಿಭಾಗದಲ್ಲಿ ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಜನಾಂಗ, ಭಾಷೆಯಂಥ ಕಾರಣಕ್ಕೆ ಮಾಡುವ ಕೊಲೆಗೆ ಪ್ರತ್ಯೇಕ ಜಾಗ ಇದೆ. ನರಮೇಧ ಎಂಬ ಅಪರಾಧಕ್ಕೆ ಆ ಸಂಹಿತೆಯಲ್ಲೂ ಜಾಗ ಸಿಗಲಿಲ್ಲ. ನೀವು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ದೆಹಲಿಯ ಆ ತೀರ್ಪನ್ನು ಮತ್ತು ಅಕಾಯೆಸು ತೀರ್ಪನ್ನು ಅಕ್ಕಪಕ್ಕ ಇಟ್ಟು ಓದಿ. ಎರಡೂ ಉಚಿತವಾಗಿ ಸಿಗುತ್ತವೆ. ಅಕಾಯೆಸು ತೀರ್ಪು ತುಂಬಾ ಉದ್ದ. ಏಪ್ರಿಲ್ 18ಕ್ಕೆ ಮೊದಲು ಅವನು ಏನು ಮಾಡಿದ, ಆಮೇಲೆ ಏನು ಮಾಡಿದ ಎಂದು ಸಾಕ್ಷಿಗಳು ಹೇಳುವ ಭಾಗದಿಂದ ಶುರುಮಾಡಿ.